ವರ್ತೂರಿಗೆ ಹೋಗಿಬಂದುದು

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟು, ಮಾರತ್ತಹಳ್ಳಿಯನ್ನು ದಾಟಿ, ಇನ್ನೂ ಕೆಲವು ಮೈಲಿ ಮುಂದಕ್ಕೆ ಹೋದರೆ ಒಂದು ದೊಡ್ಡ ಕೆರೆಯು ಸಿಕ್ಕುವುದು. ಅದರ ಏರಿಯ ಕೊನೆಗಿರುವ ಊರೇ ವರ್ತೂರು. ನಮ್ಮ ವಾಚಕರಲ್ಲಿ ಅನೇಕರು ಈ ಹೆಸರನ್ನು ವೃತ್ತಪತ್ರಿಕೆಗಳಲ್ಲಿ ಕಂಡಿರಬಹುದು. 2015ನೆಯ ಇಸವಿಯಿಂದೀಚೆಗೆ ಕೆಲವು ಮಳೆಗಾಲಗಳಲ್ಲಿ ಆ ಕೆರೆಯ ಕೋಡಿಯಿಂದ ಬಿಳಿಯ ನೊರೆಯು ಎದ್ದು, ಗಾಳಿಗೆ ಹಾರಿ, ದಾರಿಹೋಕರ ಮೈಮೇಲೆ ಬಿದ್ದ ಸಂಗತಿಯು ದೇಶದೇಶಗಳಿಗೆಲ್ಲ ತಿಳಿಯಿತು. ಅದರ ಹೊರತು ನೋಡತಕ್ಕ ಸ್ಥಳವೆಂದು ಅಲ್ಲಿಗೆ ಹೋಗುವವರು ಕಡಮೆ. ನಾವೂ ಹಾಗೆ ಹೋದವರಲ್ಲ. ನಮಗೆ ಆ ಸೀಮೆಯಲ್ಲಿ ತೀರಿಸಬೇಕಾದ ಒಂದು ಋಣವಿದ್ದಿತು. ಅದೇನೆಂಬುದನ್ನು ದಾರಿ ಸಾಗಿದಂತೆ ಹೇಳುವೆವು.

ನಾವೆಂದರೆ ಬಸವನಗುಡಿಯ ಇಬ್ಬರು ವೃದ್ಧ ಗೃಹಸ್ಥರು. ಕಳೆದ ಮಾಘಮಾಸದ ಒಂದು ದಿನ ಬೆಳಿಗ್ಗೆ ಕಾಫಿಯನ್ನು ಮುಗಿಸಿಕೊಂಡು ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ರೈಲನ್ನು ಹತ್ತಿದೆವು. ಮೆಜೆಸ್ಟಿಕ್ಕಿನಲ್ಲಿ ಬಂಡಿ ಬದಲಾಯಿಸಿ, ನೇರಳೆ ಮಾರ್ಗದಲ್ಲಿ ಹೋಪ್ ಫಾರ್ಮಿನ ನಿಲ್ದಾಣದವರೆಗೆ ಕುಳಿತು ಹೋದೆವು. ಈ ಮಾರ್ಗವು ವೈಟ್‌ಫೀಲ್ಡಿನವರೆಗೆ ಎಡೆಬಿಡದೆ ಓಡಲಾರಂಭಿಸಿದುದು 2023ರಲ್ಲಿ. ಅದಕ್ಕೆ ಮುಂಚೆ ಈ ಪ್ರಯಾಣಕ್ಕೆ ಬುತ್ತಿಯನ್ನು ಕಟ್ಟಿಕೊಂಡು ಹೊರಡುವುದೇ ವಿವೇಕವಾಗಿದ್ದಿತು.

ವೈಟ್‌ಫೀಲ್ಡಿನ ವಿಷಯವಾಗಿ ಒಂದು ಮಾತನ್ನು ಇಲ್ಲಿ ಹೇಳದೆ ಹೋಗಲಾರೆವು. ಈಗ ಅಲ್ಲಿ ಗಾಜಿನ ಕಚೇರಿಗಳನ್ನು ಕಂಡು ಬೆರಗಾಗುವವರು ಆ ಊರು ಹುಟ್ಟಿದ ಬಗೆಯನ್ನು ಅರಿಯರು. 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರವರು ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನನ್ನು ದಯಪಾಲಿಸಿದರು. ಆ ಸಂಘದ ಮುಖ್ಯಸ್ಥರಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಇಂಗ್ಲಿಷಿನವರೂ ತಮ್ಮವರೆನ್ನದ, ಈ ದೇಶದವರೂ ತಮ್ಮವರೆನ್ನದ ಆ ಜನರಿಗೆ ಸ್ವಂತ ನೆಲೆಯೊಂದಿರಲಿ ಎಂಬುದೇ ಆ ದಾನದ ಉದ್ದೇಶ. ಎಂದರೆ, ಈ ಸೀಮೆಗೆ ಹೊರಗಿನಿಂದ ಬಂದವರಿಗೆ ಮೊದಲು ದೊರೆತುದು ಭೂಮಿ. ತರುವಾಯ ಬಂದವರಿಗೆ ಏನು ದೊರೆತುದೆಂಬುದನ್ನು ಮುಂದೆ ನೋಡೋಣ.

ಹೋಪ್ ಫಾರ್ಮಿನಿಂದ ಬಸ್ಸು ಹತ್ತಿ ವರ್ತೂರು ಕೋಡಿಯಲ್ಲಿ ಇಳಿದೆವು. ಕೋಡಿಯೆಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ. ಈಗ ಅದು ಬಸ್ಸು ಲಾರಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಲ್ಲುವ ಕೂಡುರಸ್ತೆಯ ಹೆಸರು. ಅಲ್ಲಿಂದ ಏರಿಯ ದಾರಿ. ನಾನ್ನೂರು ಎಕರೆಗೆ ಮೀರಿದ ಈ ಕೆರೆಯು ಬೆಂಗಳೂರಿನ ಕೆರೆಗಳಲ್ಲಿ ಎರಡನೆಯದು. ಮೊದಲನೆಯದಾದ ಬೆಳ್ಳಂದೂರು ಕೆರೆಯು ಇದರ ಮೇಲ್ಗಡೆಗಿರುವುದು. ಅದು ತುಂಬಿ ಇದಕ್ಕೆ ಹರಿದು, ಇದು ತುಂಬಿ ದಕ್ಷಿಣ ಪಿನಾಕಿನಿಗೆ ಸೇರುವುದು. ಈ ಕೆರೆಯ ಕೆಳಗೆ ಹಿಂದೆ ಭತ್ತವೂ ತರಕಾರಿಯೂ ಬೆಳೆಯುತ್ತಿದ್ದುವು. ಮೇಲಿನ ಪಟ್ಟಣದ ಕೊಳಚೆಯು ಬಂದು ಸೇರಿದ ಮೇಲೆ ನೀರು ಕೆಟ್ಟಿತು. ಬೆಳ್ಳಂದೂರಿನ ಕೆರೆಗಂತೂ ಬೆಂಕಿಯೇ ಬಿದ್ದಿತು; 2018ರ ಜನವರಿಯಲ್ಲಿ ಅದನ್ನು ನಂದಿಸಲು ಸೈನ್ಯದವರು ಬರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿಗಳನ್ನೂ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿಯನ್ನೂ ದಂಡವಾಗಿ ವಿಧಿಸಿತು. ಆಮೇಲೆ ಹೂಳೆತ್ತುವ ಕೆಲಸ ನಡೆಯಿತು. ಒಂದು ದೊಡ್ಡ ಕೆರೆಯನ್ನು ಕೆಡಿಸಿದ ಈ ಅಪರಾಧಕ್ಕಾಗಿ ಯಾರನ್ನಾದರೂ ರಾತ್ರಿಯೆಲ್ಲ ಠಾಣೆಯ ಬೆಂಚಿನ ಮೇಲೆ ಕುಳ್ಳಿರಿಸಿದರೆಂದು ನಾವು ಕೇಳಲಿಲ್ಲ.

ಏರಿಯ ಮೇಲೆ ನಿಂತಿದ್ದಾಗ ನಮಗೆ ಹಿಂದಿನ ಕಾಲದ ಆಯಗಾರರ ನೆನಪು ಬಂದಿತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗೌಡ, ಶಾನುಭೋಗ ಮೊದಲಾಗಿ ಹನ್ನೆರಡು ಮಂದಿ ಆಯಗಾರರಿರುತ್ತಿದ್ದರು. ಅವರಲ್ಲಿ ನೀರುಗಂಟಿಯು ಕೆರೆಯ ತೂಬನ್ನು ನೋಡಿಕೊಳ್ಳತಕ್ಕವನು. ತಳವಾರನು ಊರಿನ ಕಾವಲುಗಾರನು. ಕಳವಾದರೆ ಹೆಜ್ಜೆಯ ಜಾಡನ್ನು ಹಿಡಿದು ಹೊರಡುವುದು ತಳವಾರನ ಕೆಲಸ. ಅವನಿಗೆ ಸಂಬಳವು ಖಜಾನೆಯಿಂದಲ್ಲ, ಸುಗ್ಗಿಯಲ್ಲಿ ರೈತರ ಕಣದಿಂದ ಬರುತ್ತಿದ್ದಿತು. ಹೀಗಾಗಿ ಅವನು ಯಾರನ್ನು ಕಾಯುತ್ತಿದ್ದನೋ ಅವರ ಮುಖದ ಪರಿಚಯವೂ ಅವರ ಹಂಗೂ ಅವನಿಗಿದ್ದುವು. ಆ ಕಾಲವೇ ಸತ್ಯಯುಗವಾಗಿದ್ದಿತೆಂದು ಹೇಳುವಷ್ಟು ಮರುಳು ನಮಗಿಲ್ಲ. ಊರ ಹೊರಗೆ ಬಿಡಾರ ಹೂಡಿದವನ ಮೇಲೆ ಕಣ್ಣಿಡುವ ವಾಡಿಕೆ ಆಗಲೂ ಇದ್ದಿತು. 1871ರಲ್ಲಿ ಇಂಗ್ಲಿಷ್ ಸರ್ಕಾರದವರು ಈ ವಾಡಿಕೆಯನ್ನೇ ಕಾನೂನಾಗಿ ಮಾಡಿ, ಇಂಥಿಂಥ ಕುಲದಲ್ಲಿ ಹುಟ್ಟಿದವರೆಲ್ಲ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದರು. ಆ ಕಾನೂನು ಹೋದುದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಕಾನೂನು ಹೋಯಿತು, ಕಣ್ಣು ಮಾತ್ರ ಹಾಗೆಯೇ ಉಳಿಯಿತು.

ಇನ್ನು ನಮ್ಮ ಋಣದ ಸಂಗತಿ. ನಮ್ಮ ಮಗಳೂ ಅಳಿಯಂದಿರೂ ಈ ಸೀಮೆಯ ಒಂದು ಬಹುಮಹಡಿ ಕಟ್ಟಡದ ಹನ್ನೊಂದನೆಯ ಅಂತಸ್ತಿನಲ್ಲಿ ಸಂಸಾರ ಹೂಡಿ ಆರು ವರ್ಷಗಳಾದುವು. ಇಬ್ಬರೂ ಕಚೇರಿಗೆ ಹೋಗತಕ್ಕವರು. ಅವರ ಮನೆಗೆ ನಾಲ್ಕು ವರ್ಷದಿಂದ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಬರುತ್ತಿದ್ದಳು. ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವಳು. ಹೆಸರನ್ನು ಬರೆಯುವುದಿಲ್ಲ. ಮೊಮ್ಮಗುವು ಮೊದಲು ಆಡಿದ ಮಾತು ಅವಳ ಕಡೆಯ ಕನ್ನಡದಲ್ಲಿದ್ದಿತೆಂದರೆ ಅವಳು ಆ ಮನೆಗೆ ಏನಾಗಿದ್ದಳೆಂಬುದು ತಿಳಿಯುವುದು. ಆದರೂ ಆ ಕಟ್ಟಡದ ಬಾಗಿಲಲ್ಲಿ ಅವಳು ಒಳಗೆ ಹೋದುದೂ ಹೊರಗೆ ಬಂದುದೂ ಯಜಮಾನರ ಮೊಬೈಲಿನಲ್ಲಿ ದಾಖಲಾಗುವುದು. ಹೊರಡುವಾಗ ಅವಳ ಚೀಲವನ್ನು ಕಾವಲಿನವನು ಬಿಚ್ಚಿ ನೋಡುವನು. ಮಿಕ್ಕ ಅನ್ನವನ್ನು ಕೊಟ್ಟು ಕಳುಹಿಸಿದರೆ, ಕೊಟ್ಟಿದ್ದೇವೆಂದು ಒಡತಿಯು ತಿಳಿಸಬೇಕು. ನಾವು ಅಲ್ಲಿಗೆ ಹೋದಾಗಲೆಲ್ಲ ನಮ್ಮ ಕೈಚೀಲವನ್ನು ಯಾರೂ ಬಿಚ್ಚಿಸಲಿಲ್ಲ. ಇದನ್ನು ನಾವು ಆಗ ಗಮನಿಸಿಯೂ ಇರಲಿಲ್ಲ.

ಕಳೆದ ಕಾರ್ತೀಕದಲ್ಲಿ ಮಗಳ ಎರಡೆಳೆಯ ಚಿನ್ನದ ಸರವು ಕಾಣೆಯಾಯಿತು. ಮನೆಯನ್ನು ಒಂದು ಸುತ್ತು ಹುಡುಕಿದರು. ಅಕ್ಕಪಕ್ಕದ ಮನೆಗಳವರು ಬಂದು ಬುದ್ಧಿ ಹೇಳಿದರು. ಸಂಜೆಯ ಹೊತ್ತಿಗೆ ಅಳಿಯಂದಿರು ಠಾಣೆಗೆ ಹೋಗಿ ಒಂದು ಬಿಳಿಯ ಹಾಳೆಯಲ್ಲಿ ಫಿರ್ಯಾದನ್ನು ಬರೆದುಕೊಟ್ಟರು. ಯಾರ ಮೇಲೆ ಸಂಶಯವೆಂದು ಅಲ್ಲಿ ಕೇಳಿದರಂತೆ. ಇವರು ಅವಳ ಹೆಸರನ್ನೂ ಅವಳ ಗಂಡನ ಹೆಸರನ್ನೂ ಬರೆದರು. ಯಾವ ಠಾಣೆಯೆಂಬುದು ಬೇಡ. ಈ ಸೀಮೆಯಲ್ಲಿ ಠಾಣೆಗಳು ಒಂದೆರಡಲ್ಲ. ಆ ರಾತ್ರಿ ಗಂಡನನ್ನು ಕರೆದುಕೊಂಡುಹೋಗಿ ಬೆಳಗಿನವರೆಗೆ ಇಟ್ಟುಕೊಂಡು, ಅವನ ಮೊಬೈಲನ್ನು ತೆಗೆದುಕೊಂಡು ಬಿಟ್ಟರು. ಅವಳು ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಬರದಿದ್ದುದೇ ಕಳವಿಗೆ ಸಾಕ್ಷಿಯೆಂದು ನೆರೆಯವರು ಹೇಳಿದರು.

ಹದಿನೇಳನೆಯ ದಿನ ಸರವು ಸಿಕ್ಕಿತು. ಚಳಿ ಹೆಚ್ಚಾಯಿತೆಂದು ಮಗುವಿನ ಉಣ್ಣೆಯ ಬಟ್ಟೆಯ ಗಂಟನ್ನು ಬಿಚ್ಚಿದಾಗ ಅದರ ನಡುವೆ ಇದ್ದಿತು. ಅಳಿಯಂದಿರು ಠಾಣೆಗೆ ಫೋನು ಮಾಡಿ ಸಿಕ್ಕಿತೆಂದು ತಿಳಿಸಿದರು. ಅವರ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ಮಗಳಿಗೆ ಮುಗಿಯಲಿಲ್ಲ. ಎರಡು ತಿಂಗಳು ಒಳಗೊಳಗೇ ಬೆಂದು ಒಂದು ರಾತ್ರಿ ತಾಯಿಗೆ ಎಲ್ಲವನ್ನೂ ಹೇಳಿದಳು. “ಅಮ್ಮಾ, ನಾನು ಯಾವ ಮುಖ ಹೊತ್ತುಕೊಂಡು ಅಲ್ಲಿಗೆ ಹೋಗಲಿ?” ಎಂದು ಅತ್ತಳಂತೆ. ಆ ಮುಖಕ್ಕೆ ಬದಲಾಗಿ ಹೋದುದು ನಮ್ಮ ಮುಖ. ಮಡಿಲಲ್ಲಿ ಒಂದು ಸೀರೆ, ಎಲೆ ಅಡಕೆ, ಎರಡು ತಿಂಗಳ ಸಂಬಳ. ಇಷ್ಟನ್ನು ಕಟ್ಟಿಕೊಂಡು ನಾವು ಹೊರಟುದು ಹೀಗೆ.

ವರ್ತೂರಿನ ಪೇಟೆಯ ಬೀದಿಯನ್ನು ದಾಟಿ, ಹೊಸ ಕಟ್ಟಡಗಳ ಸಾಲಿನ ಹಿಂದೆ ಒಂದು ಕಾಲುದಾರಿಯಲ್ಲಿ ನಡೆದರೆ ತಗ್ಗಿನಲ್ಲಿ ನೀಲಿಯ ಟಾರ್ಪಾಲುಗಳು ಕಾಣುವುವು. ಅವುಗಳನ್ನು ಅಲ್ಲಿಯವರು ಗುಡಿಸಲೆನ್ನುವುದಿಲ್ಲ, ಶೆಡ್ಡು ಎನ್ನುವರು. ನಾಲ್ಕು ಕಡೆ ತಗಡು, ಮೇಲೆ ಟಾರ್ಪಾಲು, ಅದು ಹಾರದಂತೆ ಹಳೆಯ ಟಯರು. ಹತ್ತಡಿ ಉದ್ದ, ಹತ್ತಡಿ ಅಗಲ. ನಮ್ಮ ಎಣಿಕೆಯಲ್ಲಿ ಎಪ್ಪತ್ತು ಎಂಬತ್ತು ಶೆಡ್ಡುಗಳಿದ್ದಿರಬೇಕು. ನೀರು ವಾರಕ್ಕೆ ಮೂರು ಸಲ ಟ್ಯಾಂಕರಿನಲ್ಲಿ ಬಂದು ಡ್ರಮ್ಮುಗಳಿಗೆ ತುಂಬುವುದು. ಕಕ್ಕಸುಗಳು ಐದು. ಬಡವರು ಪುಕ್ಕಟೆಯಾಗಿ ಜಾಗವನ್ನು ಆಕ್ರಮಿಸಿಕೊಂಡಿರುವರೆಂದು ನಾವು ಎಣಿಸಿದ್ದೆವು. ಅದು ಹಾಗಲ್ಲ. ಜಮೀನು ಖಾಸಗಿಯವರದು. ಮಾಲೀಕನಿಂದ ಮೇಸ್ತ್ರಿಯೊಬ್ಬನು ಅದನ್ನು ಹಿಡಿದು, ಒಂದೊಂದು ಶೆಡ್ಡಿಗೆ ತಿಂಗಳಿಗೆ ಮೂರು ಸಾವಿರ ಬಾಡಿಗೆಯನ್ನು ವಸೂಲುಮಾಡುವನು. ನೀರಿಗೂ ದೀಪಕ್ಕೂ ಬೇರೆ. ರಸೀತಿ ಮಾತ್ರ ಇಲ್ಲ. ಬಾಡಿಗೆ ಕೊಟ್ಟು ಇರುವವನಿಗೆ ಬಾಡಿಗೆ ಚೀಟಿಯಿಲ್ಲ, ಚೀಟಿಯಿಲ್ಲದ್ದರಿಂದ ವಿಳಾಸವಿಲ್ಲ, ವಿಳಾಸವಿಲ್ಲದವನು ಯಾರೆಂದು ಪೋಲೀಸಿನವರು ಕೇಳುವರು.

ಅಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯವರು. ಇದರಲ್ಲಿ ಆಶ್ಚರ್ಯವಿಲ್ಲ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ತೂಗಿ ನೋಡಿ, 39ನ್ನು ಅತ್ಯಂತ ಹಿಂದುಳಿದವೆಂದು ಹೇಳಿತು; ಅವುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗಕ್ಕೆ ಸೇರಿದುವು. ಮಳೆ ಹೋದ ವರ್ಷ ಆ ತಾಲ್ಲೂಕುಗಳಿಂದ ರಾತ್ರಿಯ ಬಸ್ಸು ಹತ್ತಿದವರು ಬೆಳಿಗ್ಗೆ ಇಳಿಯುವುದು ಇಲ್ಲಿಯೇ. ಮಿಕ್ಕವರು ಅಸ್ಸಾಮು, ಬಂಗಾಳಗಳ ಕಡೆಯಿಂದ ಬಂದು ನಮ್ಮ ಮನೆಗಳ ಹಸಿಕಸ ಒಣಕಸವನ್ನು ಬೇರ್ಪಡಿಸತಕ್ಕವರು.

ಅವಳ ಶೆಡ್ಡನ್ನು ಹುಡುಕುವುದು ಕಷ್ಟವಾಗಲಿಲ್ಲ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಮ್ಮನ್ನು ಕಂಡು ಒಂದು ಕ್ಷಣ ಕೈ ನಿಂತಿತು. ಆಮೇಲೆ ಎದ್ದು, ಸೆರಗನ್ನು ಸರಿಮಾಡಿಕೊಂಡು, “ಬರ್ರಿ ಅಮ್ಮೋರೆ, ಕುಂದರ್ರಿ” ಎಂದು ಚಾಪೆಯನ್ನು ಹಾಸಿದಳು. “ಪಾಪು ಹೆಂಗದಾನ್ರಿ?” ಎಂಬುದೇ ಅವಳ ಮೊದಲ ಪ್ರಶ್ನೆ. ನಮ್ಮ ಮನೆಯವರಿಗೆ ಗಂಟಲು ಕಟ್ಟಿತು. ಸರ ಸಿಕ್ಕಿದ ಸಂಗತಿಯನ್ನು ಅವರು ಹೇಳಿದರು. ಅವಳು ಗಂಡನ ಮುಖವನ್ನು ನೋಡಿದಳು. ಸಿಕ್ಕಿತೆಂಬುದನ್ನು ಆ ಎರಡು ತಿಂಗಳೂ ಯಾರೂ ಅವರಿಗೆ ತಿಳಿಸಿರಲಿಲ್ಲ! ಠಾಣೆಯವರು ಇಂದು ಕರೆದಾರು, ನಾಳೆ ಕರೆದಾರು ಎಂದು ಅವನು ದೂರದ ಕೆಲಸಗಳಿಗೆ ಹೋಗುವುದನ್ನೇ ಬಿಟ್ಟಿದ್ದನು. ಮೊಬೈಲು ಠಾಣೆಯಲ್ಲಿಯೇ ಇದ್ದುದರಿಂದ ಕೆಲಸಕ್ಕೆ ಕರೆಯುವವರ ಕರೆಯೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ನೆರೆಯವರು ನಾಲ್ಕಾರು ಮಂದಿ ಬಾಗಿಲಿಗೆ ಬಂದರು. ಮಾತು ಬೆಳೆಯಿತು. ಆ ಜಾಗದಲ್ಲಿ ಕಳ್ಳತನವೇ ಇಲ್ಲವೆಂದು ಅವರಾರೂ ಹೇಳಲಿಲ್ಲ. ಕುಡಿತವುಂಟು, ಹೊಡೆದಾಟವುಂಟು, ಕದ್ದ ಬೈಕನ್ನು ತಂದು ಬಚ್ಚಿಟ್ಟ ಹುಡುಗನೊಬ್ಬನೂ ಇದ್ದನೆಂದು ಅವರೇ ಹೇಳಿದರು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕಳವಾಗುವುದು ಅವರ ಶೆಡ್ಡುಗಳಲ್ಲಿಯೇ. ಹಗಲೆಲ್ಲ ಗಂಡಹೆಂಡಿರು ಹೊರಗೆ. ಬಾಗಿಲೆಂದರೆ ತಗಡಿನ ತುಂಡು. ಯಾದಗಿರಿಯ ಕಡೆಯ ವೃದ್ಧನೊಬ್ಬನು, ತಂಗಿಯ ಮಗಳ ಮದುವೆಗೆಂದು ಟ್ರಂಕಿನಲ್ಲಿ ಕೂಡಿಟ್ಟ ಇಪ್ಪತ್ತೆರಡು ಸಾವಿರ ರೂಪಾಯಿಗಳನ್ನು ಕಳೆದುಕೊಂಡಿದ್ದನು. ಫಿರ್ಯಾದು ಕೊಟ್ಟೆಯಾ ಎಂದು ಕೇಳಿದೆವು. ಅವನು ನಕ್ಕನು. “ಠಾಣೆಗೆ ಹೋದ್ರ ಮೊದಲ ನಮ್ಮನ್ನ ಕೇಳ್ತಾರ್ರಿ ಯಪ್ಪಾ. ನಿಂದ್ಯಾವೂರು, ಇಲ್ಲಿಗ್ಯಾಕ ಬಂದಿ, ಅಷ್ಟು ರೊಕ್ಕ ನಿನಗೆಲ್ಲಿಂದ ಬಂತು ಅಂತ. ಕಳಕೊಂಡದ್ದು ಕಳಕೊಂಡಂಗಾತು, ಮತ್ತ ಕಳ್ಳ ಅನ್ನಿಸ್ಕೊಂಡು ಯಾಕ ಬರೂದು?”

ಈ ಮಾತು ನಮ್ಮನ್ನು ಬಹಳ ಹೊತ್ತು ಕಾಡಿತು. ಬಡವರು ಪೋಲೀಸಿನವರಿಗೆ ಹೆದರುವುದು ಅವರಲ್ಲಿ ತಪ್ಪಿರುವುದರಿಂದ ಎಂದು ನಮ್ಮಂಥವರು ಸುಲಭವಾಗಿ ತಿಳಿಯುವೆವು. ಆದರೆ ಶೆಡ್ಡಿನವನು ಠಾಣೆಗೆ ಹೋಗುವುದಿಲ್ಲವೆಂಬುದು ಕಳ್ಳನಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಅವನು ಹನ್ನೊಂದನೆಯ ಅಂತಸ್ತಿಗೆ ಹೋಗದೆ ತಗಡಿನ ಬಾಗಿಲಿಗೆ ಬರುವನು. ಕಾಯತಕ್ಕವರ ಭಯವೇ ಕದಿಯತಕ್ಕವನಿಗೆ ಬೆಂಗಾವಲಾಗಿ ನಿಂತಿರುವುದು.

ಅಲ್ಲಿಯ ಜನರು ಎರಡು ಮೂರು ಸಲ “ಅಗ್ರಹಾರದಾಗ ಆದಂಗ” ಎಂದು ಹೇಳಿದುದು ನಮ್ಮ ಕಿವಿಗೆ ಬಿದ್ದಿತು. ಅವರು ಹೇಳಿದುದು ಕರಿಯಮ್ಮನ ಅಗ್ರಹಾರದ ಸಂಗತಿ. ಈ ಹಳ್ಳಿಯು ವರ್ತೂರು ಹೋಬಳಿಗೇ ಸೇರಿದುದು. ಬೆಳ್ಳಂದೂರು ಕೆರೆಯ ಹತ್ತಿರ, ಇಲ್ಲಿಗೆ ಕೆಲವೇ ಮೈಲಿ. ಅಲ್ಲಿಯೂ ಇಂಥದೇ ಶೆಡ್ಡುಗಳಿದ್ದುವು. 2020ರ ಜನವರಿಯ ಆರಂಭದಲ್ಲಿ, ಅಲ್ಲಿರುವವರು ಬಾಂಗ್ಲಾದೇಶದಿಂದ ಕದ್ದು ಬಂದವರೆಂದು ಹೇಳುವ ಚಲಚ್ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಶಾಸಕರೊಬ್ಬರೂ ಅದನ್ನು ಪ್ರಚುರಪಡಿಸಿದರು. ಸ್ಥಳದ ಪೋಲೀಸು ಅಧಿಕಾರಿಯು ಶೆಡ್ಡುಗಳನ್ನು ತೆಗೆಯಿಸಬೇಕೆಂದು ಜಮೀನಿನ ಮಾಲೀಕನಿಗೆ ಒಂದು ಕಾಗದವನ್ನು ಬರೆದನು. ಪಾಲಿಕೆಯ ಎಂಜಿನಿಯರೊಬ್ಬರು, ತೆರವು ಮಾಡುವಾಗ ರಕ್ಷಣೆ ಬೇಕೆಂದು ಪೋಲೀಸಿನವರಿಗೆ ಇನ್ನೊಂದು ಕಾಗದವನ್ನು ಬರೆದರು. ಜನವರಿ 19ರ ಭಾನುವಾರದ ಸುಮಾರಿಗೆ ಯಂತ್ರಗಳು ಬಂದುವು. ನೂರಕ್ಕೂ ಮಿಕ್ಕ ಶೆಡ್ಡುಗಳು ಪಾತ್ರೆಪದಾರ್ಥಗಳ ಸಹಿತ ನೆಲಸಮವಾದುವು.

ಆ ಜನರು ಯಾರು? ವೃತ್ತಪತ್ರಿಕೆಯವರು ಹೋಗಿ ಕೇಳಿದಾಗ ಒಬ್ಬೊಬ್ಬರೂ ಪ್ಲಾಸ್ಟಿಕ್ಕಿನ ಚೀಲವನ್ನು ಬಿಚ್ಚಿ ಕಾಗದಗಳನ್ನು ತೋರಿಸಿದರು. ಆಧಾರ್ ಚೀಟಿ, ಮತದಾರರ ಚೀಟಿ, ಪಡಿತರ ಚೀಟಿ. ಅನೇಕರು ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳವರೇ. ಮಿಕ್ಕವರು ಅಸ್ಸಾಮು, ತ್ರಿಪುರ, ಬಂಗಾಳದವರು. ಮುಂಚೆ, 2019ರ ಅಕ್ಟೋಬರಿನಲ್ಲಿ, ಇದೇ ಬೆಂಗಳೂರಿನಲ್ಲಿ ಅಪ್ಪಣೆಯಿಲ್ಲದೆ ನೆಲೆಸಿದ್ದ ಸುಮಾರು 60 ಮಂದಿ ಬಾಂಗ್ಲಾದೇಶೀಯರನ್ನು ಪೋಲೀಸಿನವರು ಹಿಡಿದಿದ್ದರೆಂಬುದು ನಿಜವೇ. ಆದುದರಿಂದ ಸಂಶಯವೆಲ್ಲ ಬರಿಯ ಕಟ್ಟುಕಥೆಯೆಂದು ಹೇಳಬರುವುದಿಲ್ಲ. ಆದರೆ ಸಂಶಯವನ್ನು ವಿಚಾರಿಸುವುದಕ್ಕೆ ಒಂದು ಕ್ರಮವುಂಟು; ಮನೆಯನ್ನು ಕೆಡಹುವುದು ವಿಚಾರಣೆಯಲ್ಲ.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆಯವರು ಉಚ್ಚ ನ್ಯಾಯಾಲಯಕ್ಕೆ ಹೋದರು. ಮುಖ್ಯ ನ್ಯಾಯಾಧೀಶರಾಗಿದ್ದ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠವು ತೆರವನ್ನು ತಡೆಯಿತು. ಹೀಗೆ ಕಾಗದ ಬರೆದು ಜನರನ್ನು ಎಬ್ಬಿಸುವುದಕ್ಕೆ ಪೋಲೀಸಿನವರಿಗೆ ಕಾನೂನಿನ ಆಧಾರ ಕಾಣುವುದಿಲ್ಲವೆಂದು ಹೇಳಿ, ನಿರಾಶ್ರಿತರಾದವರ ಪುನರ್ವಸತಿಯ ವಿಷಯವಾಗಿ ಸರ್ಕಾರವು ಕ್ರಮ ಕೈಕೊಳ್ಳಬೇಕೆಂದು ಫೆಬ್ರವರಿಯಲ್ಲಿ ನಿರ್ದೇಶಿಸಿತು. ವಾಚಕರು ಇಲ್ಲಿ ಒಂದು ವಿಚಿತ್ರವನ್ನು ನೋಡಬೇಕು. ಕಾಗದವಿಲ್ಲದವರೆಂದು ಯಾರನ್ನು ಓಡಿಸಿದರೋ ಅವರಲ್ಲಿ ಕಾಗದವಿದ್ದಿತು. ಓಡಿಸಲು ಬಂದವರ ಕೈಯಲ್ಲಿ ನಿಲ್ಲತಕ್ಕ ಕಾಗದವಿರಲಿಲ್ಲ.

ಪೋಲೀಸಿನ ಮೇಲಿನ ಅಪನಂಬಿಕೆಯು ಈ ಶೆಡ್ಡುಗಳಲ್ಲಿ ಹುಟ್ಟಿದುದಲ್ಲ. 1857ರ ದಂಗೆಯ ತರುವಾಯ, 1861ರಲ್ಲಿ, ಇಂಗ್ಲಿಷಿನವರು ಪೋಲೀಸು ಕಾನೂನನ್ನು ಮಾಡಿದಾಗ ಅವರಿಗೆ ಬೇಕಾಗಿದ್ದುದು ಜನರ ಕಾವಲುಗಾರನಲ್ಲ, ಜನರ ಮೇಲಿನ ಕಾವಲುಗಾರ. 1902ರಲ್ಲಿ ಅವರೇ ನೇಮಿಸಿದ ಫ್ರೇಸರ್ ಆಯೋಗವು, ಪೋಲೀಸಿನವರು ಲಂಚಕೋರರೂ ಪೀಡಕರೂ ಎಂದು ಜನರೆಲ್ಲ ಎಣಿಸಿರುವರೆಂದು ವರದಿಮಾಡಿತು. ಇದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು. 1872ರ ಸಾಕ್ಷ್ಯ ಕಾನೂನಿನ 25ನೆಯ ಕಲಮಿನ ಪ್ರಕಾರ, ಪೋಲೀಸು ಅಧಿಕಾರಿಯ ಮುಂದೆ ಒಬ್ಬನು ತಪ್ಪೊಪ್ಪಿಕೊಂಡರೆ ಅದನ್ನು ಅವನ ವಿರುದ್ಧ ಸಾಕ್ಷಿಯಾಗಿ ಹಿಡಿಯಕೂಡದು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿಯೂ ಈ ಮಾತು ಉಳಿದಿದೆ. ಎಂದರೆ, ಠಾಣೆಯೊಳಗೆ ಹೊರಟ ಮಾತನ್ನು ಕಾನೂನೇ ನೂರೈವತ್ತು ವರ್ಷಗಳಿಂದ ನಂಬಿಲ್ಲ. ಯಾದಗಿರಿಯ ಮುದುಕನು ನಂಬದಿದ್ದರೆ ಅವನನ್ನು ದೂರುವುದೆಂತು?

ನಾವು ಅವಳ ಗಂಡನನ್ನು ಕರೆದುಕೊಂಡು ಠಾಣೆಗೆ ಹೋದೆವು. ಅವನು ಬಾಗಿಲವರೆಗೆ ಬಂದು ಹೊರಗಿನ ಮರದ ಕೆಳಗೆ ನಿಂತುಬಿಟ್ಟನು. ಒಳಗೆ ಒಬ್ಬ ಮುಖ್ಯಪೇದೆಯವರಿದ್ದರು. ಹಿಂದಿನ ದಿನ ರಾತ್ರಿಯಿಂದ ಮನೆಗೆ ಹೋಗಿರಲಿಲ್ಲವೆಂಬುದು ಅವರ ಕಣ್ಣಿನಲ್ಲಿಯೇ ಕಾಣುತ್ತಿದ್ದಿತು. ನಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಕುರ್ಚಿ ಹಾಕಿಸಿದರು. ನಾವು ಸಂಗತಿಯನ್ನು ಹೇಳಿ, ಆ ಫಿರ್ಯಾದನ್ನು ಮುಕ್ತಾಯ ಮಾಡಿಕೊಡಬೇಕೆಂದು ಕೇಳಿದೆವು. ಅವರು ಪುಸ್ತಕಗಳನ್ನು ತಿರುವಿ ನೋಡಿ, “ಸ್ವಾಮಿ, ಇದಕ್ಕೆ ಎಫ್.ಐ.ಆರ್. ಆಗಿಯೇ ಇಲ್ಲ. ಆಗದೇ ಇರೋದನ್ನ ನಾನು ಹೇಗೆ ಮುಗಿಸಲಿ?” ಎಂದರು. ಒಂದು ರಾತ್ರಿಯೆಲ್ಲ ಮನುಷ್ಯನನ್ನು ಇಟ್ಟುಕೊಂಡಿದ್ದಿರಲ್ಲ, ಅದು ಎಲ್ಲಿ ಬರೆದಿದೆಯೆಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಬಂಧಿಸಿದರೆ ಅದಕ್ಕೆ ಪತ್ರ ಬರೆದು ಸಾಕ್ಷಿಯ ದಸ್ಕತ್ತು ಪಡೆಯಬೇಕು, ನಂಟರಿಗೆ ತಿಳಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ 1996ರಲ್ಲಿಯೇ ಹೇಳಿರುವುದು. ಫಿರ್ಯಾದು ದಾಖಲಾದರೆ ಅದರ ನಕಲನ್ನು ಫಿರ್ಯಾದುದಾರನಿಗೆ ಪುಕ್ಕಟೆಯಾಗಿ ಕೊಡಬೇಕು. ಹೆಂಗಸರನ್ನು ವಿಚಾರಿಸಬೇಕಾದರೆ ಅವರ ಮನೆಗೇ ಹೋಗಬೇಕು, ಠಾಣೆಗೆ ಕರೆಸಕೂಡದು. ಇವು ಪ್ರತಿಯೊಬ್ಬ ಗೃಹಸ್ಥರೂ ತಮ್ಮ ಮನೆಯ ಕೆಲಸದವರಿಗೆ ತಿಳಿಸಿಡಬೇಕಾದ ಸಂಗತಿಗಳು. ನಮಗೂ ಅಂದಿನವರೆಗೆ ಸರಿಯಾಗಿ ತಿಳಿದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುವೆವು.

ಮುಖ್ಯಪೇದೆಯವರು ಆಮೇಲೆ ಹೇಳಿದ ಮಾತನ್ನು ಅವರ ನ್ಯಾಯಕ್ಕಾಗಿ ಇಲ್ಲಿ ಬರೆಯಬೇಕು. “ಫ್ಲ್ಯಾಟಿನವರು ಗಂಟೆಗೊಂದು ಸಲ ಫೋನ್ ಮಾಡ್ತಾರೆ ಸ್ವಾಮಿ. ಏನು ಮಾಡಿದ್ರಿ, ಯಾರನ್ನ ಹಿಡಿದ್ರಿ ಅಂತ. ಯಾರನ್ನೂ ಕರೆಸಲಿಲ್ಲ ಅಂದ್ರೆ ಮೇಲಿನವರಿಗೆ ದೂರು ಹೋಗುತ್ತೆ. ಶೆಡ್ಡಿನವನು ಫೋನ್ ಮಾಡೋದಿಲ್ಲ, ದೂರೂ ಕೊಡೋದಿಲ್ಲ. ಆ ಹೆಸರನ್ನ ನಾವೇನು ಕನಸಲ್ಲಿ ಕಂಡ್ವಾ? ನಿಮ್ಮ ಮನೆಯವರೇ ಬರೆದುಕೊಟ್ಟಿದ್ದು.” ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಿಳಿಯ ಹಾಳೆಯನ್ನು ಅವರು ಹುಡುಕಿ ತೆಗೆದು ತೋರಿಸಿದರು. ಅಳಿಯಂದಿರ ಮುದ್ದಾದ ಅಕ್ಷರ. ಕೆಳಗೆ ನಮ್ಮ ಮಗಳ ದಸ್ಕತ್ತು.

ಮೊಬೈಲನ್ನು ಒಂದು ಡ್ರಾಯರಿನಿಂದ ತೆಗೆದುಕೊಟ್ಟರು. ಅದರ ಗಾಜು ಒಡೆದಿದ್ದಿತು. ಮೊದಲೇ ಒಡೆದಿದ್ದಿತೋ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶೆಡ್ಡಿಗೆ ಹಿಂದಿರುಗಿ ಸೀರೆಯನ್ನೂ ಸಂಬಳವನ್ನೂ ಮುಂದಿಟ್ಟೆವು. ಸಂಬಳವನ್ನು ತೆಗೆದುಕೊಂಡಳು, ಕೆಲಸ ಮಾಡಿದ ದಿನಗಳದು ಮಾತ್ರ ಎಣಿಸಿಕೊಂಡು ಮಿಕ್ಕುದನ್ನು ಹಿಂದಕ್ಕೆ ಕೊಟ್ಟಳು. ಸೀರೆಯನ್ನು ಮುಟ್ಟಲಿಲ್ಲ. ಮತ್ತೆ ಕೆಲಸಕ್ಕೆ ಬರುವೆಯಾ ಎಂದು ನಮ್ಮ ಮನೆಯವರು ಕೇಳಿದುದಕ್ಕೆ, “ಇಲ್ರಿ ಅಮ್ಮೋರೆ, ನಿಮ್ಮ ಮಗಳು ಒಳ್ಳೇಕಿ. ಆದ್ರ ನನಗ ಇನ್ನ ಆ ಗೇಟು ದಾಟಾಕ ಆಗಂಗಿಲ್ರಿ” ಎಂದಳು. ಸ್ವಲ್ಪ ತಡೆದು, “ಒಂದು ಉಪಕಾರ ಮಾಡ್ರಿ. ನಾವು ಏನೂ ತಗೊಂಡಿಲ್ಲ, ಸರ ಸಿಕ್ಕೈತಿ ಅಂತ ಒಂದು ಕಾಗದ ಬರಕೊಡ್ರಿ. ಬ್ಯಾರೆ ಕಡೆ ಕೆಲಸಕ್ಕ ಹೋದ್ರ ಕೇಳ್ತಾರ್ರಿ” ಎಂದು ಬೇಡಿದಳು.

ನಾವು ಅಲ್ಲಿಯೇ ಚಾಪೆಯ ಮೇಲೆ ಕುಳಿತು ಬರೆದೆವು. ಅದು ನಮ್ಮ ಕೈಯ ಕಾಗದವಾದರೆ ಸಾಲದೆಂದು ತೋರಿ, ಮಗಳ ಮನೆಗೆ ಹೋಗಿ ಅವಳಿಂದ ಇಷ್ಟನ್ನೂ ಅವಳ ಅಕ್ಷರದಲ್ಲಿಯೇ ಎರಡು ಪ್ರತಿ ಬರೆಯಿಸಿದೆವು. ಸರವು ತನ್ನ ಮನೆಯಲ್ಲಿಯೇ ಇದ್ದಿತೆಂದೂ, ಇಂಥವರ ಮೇಲೆ ತಾನು ಕೊಟ್ಟ ಸಂಶಯವು ತಪ್ಪೆಂದೂ, ಫಿರ್ಯಾದನ್ನು ಹಿಂದಕ್ಕೆ ತೆಗೆದುಕೊಂಡಿರುವೆನೆಂದೂ ಬರೆದಳು. ಬರೆಯುವಾಗ ಅವಳ ಕೈ ನಡುಗುತ್ತಿದ್ದಿತು. ಸಂಜೆ ಅವಳನ್ನೂ ಕರೆದುಕೊಂಡು ಮತ್ತೆ ಠಾಣೆಗೆ ಹೋದೆವು. ಅದೇ ಮುಖ್ಯಪೇದೆಯವರು ಒಂದು ಪ್ರತಿಯನ್ನು ಇಟ್ಟುಕೊಂಡು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರನ್ನು ಒತ್ತಿ, ತಾರೀಖು ಹಾಕಿ, ದಸ್ಕತ್ತು ಮಾಡಿದರು. “ಇಂಥದ್ದನ್ನ ತಗೊಳ್ಳೋಕೆ ಯಾರೂ ಬರೋದಿಲ್ಲ ಸ್ವಾಮಿ” ಎಂದರು.

ಕತ್ತಲಾಗುವ ಹೊತ್ತಿಗೆ ಮಗಳೇ ಆ ಕಾಗದವನ್ನು ಹಿಡಿದು ಕಾಲುದಾರಿಯಲ್ಲಿ ಮುಂದೆ ನಡೆದಳು. ಶೆಡ್ಡಿನ ಬಾಗಿಲಲ್ಲಿ ಇಬ್ಬರೂ ಬಹಳ ಮಾತಾಡಲಿಲ್ಲ. ಅವಳಿಗೆ ಓದು ಬಾರದು. ಮೊಹರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದಳು. ತಗಡಿನ ಸಂದಿಯಿಂದ ಪ್ಲಾಸ್ಟಿಕ್ಕಿನ ಚೀಲವೊಂದನ್ನು ತೆಗೆದು, ಆಧಾರ್ ಚೀಟಿ, ಪಡಿತರ ಚೀಟಿಗಳ ನಡುವೆ ಅದನ್ನು ಮಡಿಸಿ ಇಟ್ಟು, ಬಾಯಿಗೆ ರಬ್ಬರು ಸುತ್ತಿ, ಮತ್ತೆ ಅಲ್ಲಿಯೇ ಸಿಕ್ಕಿಸಿದಳು. ನಾವು ಕೋಡಿಯಲ್ಲಿ ಕೊನೆಯ ಬಸ್ಸುಗಳಲ್ಲೊಂದನ್ನು ಹಿಡಿದು ಮನೆಗೆ ಬಂದೆವು. ಸೀರೆಯು ನಮ್ಮ ಚೀಲದಲ್ಲಿಯೇ ಹಿಂದಕ್ಕೆ ಬಂದಿತು.